ಮಂಗೇಶನ ವೀಗನ್ ಸೂತಕ

ನಮ್ಮ ಕಾರವಾರದಲ್ಲಿ ಮನುಷ್ಯ ಮೀನು ಬಿಡುವುದಕ್ಕೆ ಬೆರಳೆಣಿಕೆಯ ಕಾರಣಗಳಿವೆ. ಅವತ್ತು ಸೋಮವಾರವಾಗಿರಬೇಕು, ಶ್ರಾವಣವಿರಬೇಕು, ಮನೆಯಲ್ಲಿ ಗಣಪತಿ ಕೂತಿರಬೇಕು, ಇಲ್ಲವೇ ಯಾರಾದರೂ ತೀರಿಹೋಗಿರಬೇಕು. ಇದ್ಯಾವುದೂ ಇಲ್ಲದೆ, ಬಂಗಡೆ ರಾಶಿ ರಾಶಿಯಾಗಿ ಬಂದು ಬೀಳುತ್ತಿದ್ದ ಕಾಲದಲ್ಲಿ, ಒಂದು ಬುಧವಾರ ಬೆಳಿಗ್ಗೆ "ಮೀನು ಬೇಡ" ಎಂದ ಮಹಾನುಭಾವ ನಮ್ಮ ಪಕ್ಕದ ಮನೆಯ ಮಂಗೇಶ. ಅವನ ಆ ಮಾತಿಗೆ ಪಕ್ಕದ ಹಣಕೋಣ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದ ಒಬ್ಬ ಹಿರಿಯರು ಸಾಯಬೇಕಾಯಿತು. ಅವರು ಈಗ ಚೆನ್ನಾಗಿದ್ದಾರೆ, ಹೆದರಬೇಡಿ.

ಮಂಗೇಶ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಮನುಷ್ಯ ಒಳ್ಳೆಯವನೇ. ಆದರೆ ಯಾರ ಎದುರೂ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ಅವನಿಂದ ಆಗುವುದಿಲ್ಲ. ನನಗೆ ಹಲ್ಲುನೋವು ಎಂದರೆ ಅವನಿಗೆ ದವಡೆಯೇ ನೋವು. ನಾನು ಗೋವಾಕ್ಕೆ ಹೋಗಿಬಂದೆ ಎಂದರೆ ಅವನಿಗೆ ಗೋವಾ ಸಾಕಾಗಿ ಹೋಗಿರುತ್ತದೆ. ಈ ಗುಣ ಇಷ್ಟು ವರ್ಷ ಯಾರಿಗೂ ತೊಂದರೆ ಮಾಡಿರಲಿಲ್ಲ. ತೊಂದರೆ ಶುರುವಾದದ್ದು ಮಗಳು ನಿಶಾಳ ಮದುವೆಯ ಮಾತುಕತೆಯಲ್ಲಿ.

ನಿಶಾ ಅಂಕೋಲೆಯ ಬ್ಯಾಂಕಿನಲ್ಲಿದ್ದಾಳೆ. ಅದೇ ಬ್ಯಾಂಕಿನ ಪವನ್ ಎಂಬ ಹುಡುಗನಿಗೂ ಅವಳಿಗೂ ಮನಸ್ಸಾಗಿತ್ತು. ಹುಡುಗನ ತಂದೆ ಹಿಲ್ಲೂರಿನ ಕಮಲಾಕರ ಭಟ್ಟರು. ತೋಟ, ಕೊಟ್ಟಿಗೆ ತುಂಬ ದನ, ಊರಿನ ಹಾಲು ಸಂಘಕ್ಕೆ ಸುತ್ತಿ ಸುತ್ತಿ ಅವರೇ ಅಧ್ಯಕ್ಷರು. ಭಟ್ಟರ ಮನೆಗೆ ಕಾರವಾರದ ಮೀನು ತಿನ್ನುವ ಮನೆಯ ಸೊಸೆಯೇ ಎಂದು ಅವರ ನೆಂಟರು ಮುಖ ತಿರುಗಿಸಿದ್ದರು. ಪವನ್ ಹಟ ಹಿಡಿದು ಅಪ್ಪನನ್ನು ಒಪ್ಪಿಸಿದ್ದ. ಒಂದು ಸಣ್ಣ ಅಪಶಕುನ ಸಿಕ್ಕರೂ ಸಾಕು, ಈ ಸಂಬಂಧ ಮುರಿಯಬಹುದು ಎಂದು ಆ ನೆಂಟರು ಕಾದುಕೊಂಡೇ ಇದ್ದರು. ಅವರು ಕಾದಿರುವುದು ಮಂಗೇಶನಿಗೂ ಗೊತ್ತಿತ್ತು, ಮೀನಿನ ಮಾತು ಅಲ್ಲಿಗೆ ಮುಟ್ಟಿದ್ದು ಗೊತ್ತಿರಲಿಲ್ಲ.

ಭಟ್ಟರು ಹೆಂಡತಿ ವನಮಾಲಾರ ಜೊತೆ ಮಂಗೇಶನ ಮನೆಗೆ ಬಂದ ದಿನ ನನ್ನನ್ನೂ ಕರೆದಿದ್ದರು, ತಲೆ ನರೆತಿದೆ ಎಂಬ ಒಂದೇ ಯೋಗ್ಯತೆಯ ಮೇಲೆ. ಮಂಗೇಶನ ಹೆಂಡತಿ ಕಲಾವತಿ ಹಿಂದಿನ ದಿನವೇ ಮನೆಯನ್ನು ಮೂರು ಸಲ ತೊಳೆದು, ಲೋಬಾನ ಹಾಕಿ, ಬೆಕ್ಕು ಪುಟ್ಟುವನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಳು. ವನಮಾಲಾ ಒಂದು ಭರಣಿ ತುಂಬ ಮನೆಯ ತುಪ್ಪ ತಂದಿದ್ದರು. ಅದನ್ನು ಟೀಪಾಯಿಯ ಮೇಲಿಟ್ಟು, "ನಮ್ಮದು ಶಾಕಾಹಾರ. ಚಾತುರ್ಮಾಸ್ಯದಾಗೆ ನೀರುಳ್ಳಿಯೂ ಇಲ್ಲ. ನಿಶ್ಚಯದ ಅಡುಗೆಗೆ ಅಷ್ಟು ನೋಡಿಕೊಂಡ್ರೆ ಅಡ್ಡಿಲ್ಲ" ಎಂದರು. ಪಾಪ, ಅಡುಗೆಯ ವಿಷಯಕ್ಕಾಗಿ ಹೇಳಿದ ಮಾತು ಅದು. ಮಂಗೇಶನಿಗೆ ಅದರಲ್ಲಿ ಮೆಟ್ಟಿಲು ಕಂಡಿತು.

"ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗೇವೆ" ಎಂದ. "ನಾವು ವೀಗನ್."

ಚಹಾ ತರುತ್ತಿದ್ದ ಕಲಾವತಿ ಬಾಗಿಲಲ್ಲೇ ನಿಂತಳು.

"ಹಾಂಗಂದ್ರೆ?" ಎಂದರು ಭಟ್ಟರು.

ಮಂಗೇಶ ಹಿಂದಿನ ದಿನ ಫೋನಿನಲ್ಲಿ ನೋಡಿದ ವಿಡಿಯೊವನ್ನು ನೆನಪಿಸಿಕೊಂಡ. "ಪ್ರಾಣಿಯಿಂದ ಬಂದದ್ದು ಎಂತದೂ ಮುಟ್ಟೂದಿಲ್ಲ. ಪ್ರಾಣಿಗೂ ಸುಖ, ಭೂಮಿಗೂ ಸುಖ, ಮೈಗೂ ಸುಖ."

"ಅಂದ್ರೆ ಹಾಲು?"

"ಇಲ್ಲ."

"ಮಜ್ಜಿಗೇನೂ?"

"ಮಜ್ಜಿಗೇನೂ."

"ತುಪ್ಪ?"

"ವಾಸನೆಯೂ ಆಗೂದಿಲ್ಲ."

"ದೇವರ ಪಂಚಾಮೃತ?" ಭಟ್ಟರ ದನಿ ಸಣ್ಣದಾಗಿತ್ತು.

ಮಂಗೇಶ ಸ್ವಲ್ಪ ಯೋಚಿಸಿದ. "ಅದರಾಗೆ ಸಕ್ಕರೆ ಒಂದು ನಡೀತದೆ. ನಮ್ಮದು ತಲೆಮಾರಿನಿಂದ ಹೀಗೇ."

ಸರಿಯಾಗಿ ಆಗಲೇ ಹಿತ್ತಲ ಕೋಣೆಯಿಂದ ಪುಟ್ಟು, ತನಗೆ ಬರಬೇಕಾದ ಬಂಗಡೆಯ ತಲೆ ಬಂದಿಲ್ಲವೆಂದು ಕಿರುಚತೊಡಗಿತು. ವನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಭರಣಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಆದರೂ ದೊಡ್ಡ ಮನಸ್ಸು ಮಾಡಿ, ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಿಶ್ಚಿತಾರ್ಥ ಎಂದು ಹೇಳಿ ಹೋದರು.

ಅವರ ಕಾರು ತಿರುಗುವುದಕ್ಕೂ ನಿಶಾ ಸೊಂಟಕ್ಕೆ ಕೈಯಿಟ್ಟು ನಿಲ್ಲುವುದಕ್ಕೂ ಸರಿಹೋಯಿತು.

"ಅಪ್ಪಾ, ನನ್ನ ಮದುವೆ ಸುಳ್ಳಿನ ಮೇಲೆ ಆಗೂದು ಬೇಡ. ಹೇಳಿ ಆಗಿದೆ, ಇನ್ನು ಅದನ್ನ ನಿಜ ಮಾಡು. ಇವತ್ತಿಂದ ನೀನು ವೀಗನ್. ನಿನ್ನ ಜೊತೆ ಇಡೀ ಮನೆ ವೀಗನ್."

"ನಿಶ್ಚಯದ ದಿನ ಒಂದಿನ ಸಾಕಲ್ಲನೇ?"

"ನಡುವೆ ಅವರು ಯಾವಾಗ ಬರ್ತರೋ ಎಂತೋ. ಬಾಗಿಲು ತೆಗೆದ್ರೆ ಬಂಗಡೆ ಹುರಿದ ವಾಸನೆ ಬರಬೇಕಾ?"

ಕಲಾವತಿಗೆ ಸಿಟ್ಟು ಬಂದಿತ್ತು. "ಇವರು ಎರಡು ಬಂಗಡೆ ಬಿಟ್ರೆ ಸಮುದ್ರ ತುಂಬಿ ರಸ್ತೆಗೆ ಬರ್ತದಾ?" ಎಂದಳು. ಆದರೂ ಮಗಳ ಮುಖ ನೋಡಿ ಸುಮ್ಮನಾದಳು. ಹೀಗೆ ಆ ಮನೆಯಲ್ಲಿ ತೆಂಗಿನ ಹಾಲಿನ ಯುಗ ಶುರುವಾಯಿತು.

ನಿಶಾ ಕಟ್ಟುನಿಟ್ಟಿನ ಹುಡುಗಿ. ಫೋನಿನಲ್ಲಿ ಓದಿ ಓದಿ ನಿಯಮಗಳನ್ನು ಹೊರಡಿಸಿದಳು. ಚರ್ಮದ ಚಪ್ಪಲಿ ಕೂಡದು. ಮಂಗೇಶ ತನ್ನದನ್ನು ಕಚೇರಿಯ ವಾಚ್‌ಮನ್‌ಗೆ ದಾನ ಮಾಡಿದ. ಬದಲಿಗೆ ತರಿಸಿದ ಬಟ್ಟೆಯ ಚಪ್ಪಲಿ ಹುಬ್ಬಳ್ಳಿಯಿಂದ ಮುಂದೆ ಹೊರಡಲಿಲ್ಲವಾದ್ದರಿಂದ ಬರಿಗಾಲಿನಲ್ಲೇ ಓಡಾಡಿದ. ದಾಡಿಯ ಬ್ರಶ್ಶಿನ ಕೂದಲು ಯಾವುದೋ ಪ್ರಾಣಿಯದ್ದಂತೆ, ಅದೂ ಹೋಯಿತು. ಕ್ಷೌರದಂಗಡಿಯ ಬ್ರಶ್ಶಿನ ಜಾತಕ ಯಾರಿಗೆ ಗೊತ್ತು? ಹಾಗಾಗಿ ಗಡ್ಡ ಬೆಳೆಯಿತು. ಬೆಣ್ಣೆ, ಮೊಟ್ಟೆ, ಸಂಜೆಯ ಬಿಸ್ಕತ್ತು ಎಲ್ಲ ನಿಂತು ಮೈ ಇಳಿಯಿತು, ಕೆನ್ನೆ ಒಳಗೆ ಹೋಯಿತು. ಹಾಲಿಲ್ಲದ ಕಪ್ಪು ಚಹಾ ಕುಡಿದು ಮುಖ ಗಂಭೀರವಾಯಿತು. ಪುಟ್ಟು ಮಾತ್ರ ಸಿದ್ಧಾಂತಕ್ಕೆ ಒಪ್ಪದೆ, ಅವನು ಹಾಕಿದ ಅನ್ನ-ತೊವ್ವೆಯನ್ನು ಮೂಸಿ ನೋಡಿ ನಮ್ಮ ಮನೆಗೆ ಬಂದು ಸೇರಿಕೊಂಡಿತು. ಉಳಿದ ಅನ್ನ ಹಾಳಾಗಬಾರದೆಂದು ಮಂಗೇಶ ಅದನ್ನು ಬಾಳೆಲೆಯ ಮೇಲೆ ಹಿತ್ತಲಲ್ಲಿಟ್ಟು ಕಾಗೆಗಳನ್ನು ಕರೆಯುತ್ತಿದ್ದ.

ಈಗ ನೀವೇ ಹೇಳಿ. ಗಡ್ಡ ಬಿಟ್ಟ, ಬರಿಗಾಲಿನ, ಮುಖ ಇಳಿದ ಗಂಡಸು ಬಾಳೆಲೆಯ ಮೇಲೆ ಅನ್ನವಿಟ್ಟು "ಕಾ ಕಾ" ಎಂದು ಕಾಗೆಗೆ ಕೈ ಬೀಸುವುದನ್ನು ಬೇಲಿಯ ಈಚೆಯಿಂದ ನೋಡಿದರೆ ನಿಮಗೆ ಏನನ್ನಿಸುತ್ತದೆ? ನನ್ನ ಹೆಂಡತಿ ಹೀರಾಳಿಗೂ ಅದೇ ಅನ್ನಿಸಿತು.

ಅವಳ ಅನುಮಾನಕ್ಕೆ ಸಾಕ್ಷಿ ಮೊದಲೇ ತಯಾರಿತ್ತು. ಮೀನು ಮಾರುವ ಬೀರಿ ಆ ಬುಧವಾರ ಬೆಳಿಗ್ಗೆ ಬುಟ್ಟಿ ಹೊತ್ತು ಗೇಟಿಗೆ ಬಂದಾಗ ಮಂಗೇಶನೇ ಎದುರಾಗಿ "ಮೀನು ಬೇಡ" ಎಂದು ಒಳಗೆ ಹೋಗಿದ್ದ. ಗುರುವಾರವೂ ಬೇಡ, ಶುಕ್ರವಾರವೂ ಬೇಡ. ಬೀರಿ ಇಪ್ಪತ್ತು ವರ್ಷದಿಂದ ಆ ಗೇಟಿಗೆ ಬರುವವಳು. ಯಾವ ಮನೆಯಲ್ಲಿ ಯಾವಾಗ ಮೀನು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದರಲ್ಲಿ ಅವಳ ಅಂದಾಜು ತಪ್ಪಿದ್ದಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ದನಿ ತಗ್ಗಿಸಿ ಕೇಳಿದಳು.

"ಬಾಯಿ, ಆಚೆ ಮನೇಲಿ ಯಾರು ಹೋದ್ರು?"

"ಹೌದೇ ಬೀರಿ, ನಾನೂ ಅದನ್ನೇ ನೋಡ್ತೆ ಇದ್ದೆ. ಇವತ್ತು ಕಾಗೆಗೆ ಇಟ್ರು."

"ಹಂಗಾರೆ ಹಣಕೋಣದ ಅಜ್ಜನೇ. ಮತ್ಯಾರು ಇದ್ರು ಅವರಿಗೆ ಹೋಗೂವಂಥವರು?"

ಹಣಕೋಣದ ಅಜ್ಜ ಎಂದರೆ ಮಂಗೇಶನ ದೊಡ್ಡಪ್ಪ ದೇವಿದಾಸರು. ಮನೆತನದಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಸರದಿ ಅವರದ್ದೇ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಅಷ್ಟು ಅವಸರದಲ್ಲಿ ಒಬ್ಬ ಮನುಷ್ಯನನ್ನು ಕಳಿಸಿಕೊಟ್ಟದ್ದು ನಾನು ಬೇರೆಲ್ಲೂ ನೋಡಿಲ್ಲ.

ಭಾನುವಾರ ಹೀರಾ ನನ್ನನ್ನು ಎಳೆದುಕೊಂಡು ಮಾತಾಡಿಸಲು ಹೋದಳು. ಸತ್ತವರ ಹೆಸರೆತ್ತಿ ಮನೆಯವರನ್ನು ಅಳಿಸಬಾರದು ಎಂದು ದಾರಿಯಲ್ಲಿ ಬುದ್ಧಿ ಹೇಳಿದಳು. ದಾರಿ ಎಂದರೆ ಗೇಟಿನಿಂದ ಗೇಟಿಗೆ. ಮಂಗೇಶ ನಮ್ಮನ್ನು ಕೂರಿಸಿ ಕಪ್ಪು ಚಹಾ ಕೊಟ್ಟ. ಹೀರಾ ನನ್ನನ್ನು ಅರ್ಥಪೂರ್ಣವಾಗಿ ನೋಡಿದಳು.

"ಕಷ್ಟ ಆಯ್ತು ಮಂಗೇಶಣ್ಣ" ಎಂದಳು.

"ಮೊದಲೆರಡು ದಿನ ರಾಶಿ ಕಷ್ಟ" ಎಂದ ಮಂಗೇಶ. ತನ್ನ ಪಥ್ಯದ ಸುದ್ದಿ ಊರಿಗೆಲ್ಲ ಮುಟ್ಟಿದೆ ಎಂದು ಅವನಿಗೆ ಒಳಗೊಳಗೇ ಹಿಗ್ಗು. "ಆಮೇಲೆ ಅಭ್ಯಾಸ ಆಗ್ತದೆ. ಈಗ ನೋಡಿ, ಮೈ ಎಷ್ಟು ಹಗುರ ಆಗಿದೆ."

ಹೀರಾ ಬೆಚ್ಚಿದಳು. "ಹಗುರಾ?"

"ಹೌದು. ಹೊಟ್ಟೆ ಮೇಲಿಂದ ಒಂದು ಭಾರ ಇಳಿದ ಹಂಗೆ. ಇದು ಮೊದಲೇ ಆಗಬೇಕಿತ್ತು ಅನ್ನಿಸ್ತದೆ."

"ಅಯ್ಯೋ, ಹಂಗೆಲ್ಲ ಹೇಳಬಾರದು!"

"ಹೇಳಬೇಕು ಹೀರಾಬಾಯಿ. ಎಲ್ಲರೂ ಒಂದಿನ ಈ ದಾರಿಗೆ ಬರಬೇಕಾದವರೇ. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ. ಬಾಬು, ನೀನು ಯಾವಾಗ?"

ನಾನು ಚಹಾ ನುಂಗಲಾರದೆ ಕೆಮ್ಮಿದೆ. ಹೀರಾ ನನ್ನ ತೋಳು ಹಿಡಿದು ಎಬ್ಬಿಸಿ, ಮನೆಗೆ ಬಂದವಳೇ ನನ್ನ ತಲೆಗೆ ಉಪ್ಪು-ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.

ಕಚೇರಿಯಲ್ಲಿಯೂ ಇದೇ ಕಥೆ. ಸೋಮವಾರ ಮಂಗೇಶ ಫೈಲು ಹಿಡಿದು ಸಾಹೇಬರ ಕೋಣೆಗೆ ಹೋದಾಗ ಅವರು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು.

"ಅಲ್ಲೇ ಮೇಜಿನ ಮೇಲಿಡಿ. ಕೈಗೆ ಕೊಡೂದು ಬೇಡ. ನೀವು ಈಗ ಕಚೇರಿಗೆ ಬರೂದೇ ಸರಿಯಲ್ಲ ಮಂಗೇಶ್. ರಜೆ ಹಾಕಿ ಮನೇಲಿರಿ."

"ಸರ್, ನನಗೆ ಎಂತ ತ್ರಾಸೂ ಇಲ್ಲ. ಕಡ್ಲೆ, ಶೇಂಗಾ ತಿಂತೇನೆ."

"ನಿಮ್ಮ ಮನಸ್ಸು ರಾಶಿ ಗಟ್ಟಿ" ಎಂದು ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬರುವಾಗ ಸಹೋದ್ಯೋಗಿಗಳೆಲ್ಲ ಎದ್ದು ನಿಂತರು. ಪ್ರಾಣಿದಯೆಗೆ ಕಾರವಾರದಲ್ಲಿ ಇಷ್ಟು ಗೌರವ ಇದೆಯೆಂದು ಮಂಗೇಶ ಆವರೆಗೆ ತಿಳಿದಿರಲಿಲ್ಲ. ಮನೆಗೆ ಬಂದು ಹೆಂಡತಿಯ ಎದುರು ಈ ಗೌರವವನ್ನು ಎರಡು ಸಲ ವರ್ಣಿಸಿದ.

ಸುದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. ಬೀರಿ ರಿಕ್ಷಾದವನಿಗೆ ಹೇಳಿದಳು, ರಿಕ್ಷಾದವನು ಬಸ್ಸಿನ ಕಂಡಕ್ಟರನಿಗೆ, ಕಂಡಕ್ಟರ್ ಅಂಕೋಲೆ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ. ಆ ಅಂಗಡಿಗೆ ಹಾಲು ಹಾಕುವ ವ್ಯಾನಿನವನು ಹಿಲ್ಲೂರಿನವನು. ಹೀಗೆ ಮೀನಿನ ಬುಟ್ಟಿಯಲ್ಲಿ ಹೊರಟ ಸುದ್ದಿ ಹಾಲಿನ ವ್ಯಾನಿನಲ್ಲಿ ಭಟ್ಟರ ಮನೆ ಮುಟ್ಟಿತು. ಭಟ್ಟರ ನೆಂಟರು "ನಾವು ಹೇಳಿದ್ವಲ್ಲ" ಎಂದು ಒಂದೇ ಬಾಯಲ್ಲಿ ಅಂದರಂತೆ.

ಶುಕ್ರವಾರ ಬೆಳಿಗ್ಗೆ, ನಿಶ್ಚಿತಾರ್ಥಕ್ಕೆ ನಡುವೆ ಒಂದೇ ದಿನ ಉಳಿದಿರುವಾಗ, ಭಟ್ಟರ ಕಾರು ಬಂದು ಮಂಗೇಶನ ಗೇಟಿನಲ್ಲಿ ನಿಂತಿತು. ಭಟ್ಟರೂ ವನಮಾಲಾರೂ ಪವನ್ನೂ ಇಳಿದರು. ಯಾರೂ ಒಳಗೆ ಕಾಲಿಡಲಿಲ್ಲ, ಅಂಗಳದಲ್ಲೇ ನಿಂತರು. ಕಾರು ಕಂಡ ಕೂಡಲೇ ಬೇಲಿಯ ಸುತ್ತ ನಾವೆಲ್ಲ ಸೇರಿದೆವು. ಬೀರಿಯೂ ಬುಟ್ಟಿ ಹೊತ್ತುಕೊಂಡೇ ನಿಂತಳು.

"ಮಂಗೇಶ ಅವರೇ, ನಮಗೆ ಒಂದು ಮಾತು ತಿಳಿಸಬೇಕಿತ್ತು" ಎಂದರು ಭಟ್ಟರು. "ಸೂತಕ ಅಂದ್ಮೇಲೆ ನಾಡಿದ್ದು ನಿಶ್ಚಯ ಮಾಡೂಕೆ ಬರೂದಿಲ್ಲ. ಮುಂದೆ ಧನುರ್ಮಾಸ, ಶುಭಕಾರ್ಯ ಆಗೂದಿಲ್ಲ. ಅದು ಮುಗಿಯೂವರೆಗೆ ನಮ್ಮ ಬದಿಯವರ ಬಾಯಿ ನಾನು ಮುಚ್ಚಲಾರೆ. ಈ ಸಂಬಂಧ ಉಳೀತದೆ ಅಂತ ಹೇಳಲಾರೆ."

ಮಂಗೇಶ ತಬ್ಬಿಬ್ಬಾದ. "ಸೂತಕಾ? ಯಾರದ್ದು?"

"ಯಾರದ್ದು ಅಂತ ನೀವು ಹೇಳಬೇಕು. ನಿಮ್ಮ ಮನೇಲಿ ಮೀನು ನಿಂತದೆ ಅಂತ ಅಂಕೋಲೆವರೆಗೆ ಸುದ್ದಿ ಆಗದೆ."

ಮಂಗೇಶನಿಗೆ ಈಗ ಎಲ್ಲ ಅರ್ಥವಾಯಿತು. ಸಾಹೇಬರ ಕನ್ನಡಕ, ಹೀರಾಳ "ಅಯ್ಯೋ", ಎಲ್ಲ. ಅದರ ಜೊತೆ ಇನ್ನೊಂದು ವಿಷಯವೂ ಅರ್ಥವಾಯಿತು. ಮೀನು ನಿಲ್ಲಬೇಕಾದರೆ ಮೊದಲು ಇರಬೇಕು. ತಲೆಮಾರಿನ ವೀಗನ್ನನ ಮನೆಯಲ್ಲಿ ಕಳೆದ ವಾರ ನಿಂತ ಮೀನು ಎಲ್ಲಿಂದ ಬಂತು? ಯಾರೋ ಸತ್ತಿದ್ದಾರೆ ಎಂದರೆ ಮಗಳ ನಿಶ್ಚಯ ಹೋಯಿತು. ಯಾರೂ ಸತ್ತಿಲ್ಲ ಎಂದರೆ ಮಾನ ಹೋಯಿತು. ಅವನ ಮುಖ ನಾನು ನೋಡುತ್ತಿದ್ದೆ. ಒಂದು ಕ್ಷಣ ಅವನು ನೆಂಟರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ, ಸೂತಕ ತಟ್ಟದಷ್ಟು ದೂರದ ಯಾರನ್ನಾದರೂ ಬಿಟ್ಟುಕೊಡಬಹುದೇ ಎಂದು ಹುಡುಕಿದ್ದು ನಿಜ.

ಆಗ ಒಂದು ರಿಕ್ಷಾ ಬಂದು ನಿಂತಿತು. ಒಳಗಿನಿಂದ, ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಹಣಕೋಣದ ದೇವಿದಾಸ ದೊಡ್ಡಪ್ಪ ಇಳಿದರು.

ಹೀರಾ ಕಿಟಾರನೆ ಕಿರುಚಿ ನನ್ನ ಬೆನ್ನ ಹಿಂದೆ ಹೋದಳು. ಸಾಹೇಬರು ಕಳಿಸಿದ ಹಾರ ಹಿಡಿದು ಬಂದಿದ್ದ ಕಚೇರಿಯ ಜವಾನ ಅದನ್ನು ಬೇಲಿಯ ಮೇಲೆ ಹಾಕಿ ಹೊರಟೇ ಹೋದ. ದೊಡ್ಡಪ್ಪ ಯಾರನ್ನೂ ನೋಡದೆ ನೇರ ಮಂಗೇಶನನ್ನು ತಬ್ಬಿಕೊಂಡರು.

"ಯಾರು ಹೋದ್ರೋ ಮಂಗೇಶಾ? ಮೂರು ದಿನದಿಂದ ನಮ್ಮ ಮನೆಗೆ ಮಂದಿಯೋ ಮಂದಿ. ಬರ್ತರೆ, ನನ್ನ ಮುಖ ನೋಡ್ತರೆ, ಮಾತಾಡದೆ ಓಡ್ತರೆ. ಒಬ್ಬ ನನ್ನ ಕೈ ಮುಟ್ಟಿ ನೋಡಿದ. ಯಾರು ಹೋದ್ರು ಅಂತ ಒಬ್ಬರೂ ಬಾಯಿ ಬಿಡೂದಿಲ್ಲ!"

ಕೊನೆಗೆ ಬೀರಿಯೇ ಹೇಳಿದಳು. "ನೀವೇ, ಅಜ್ಜಾ."

"ನಾನಾ?" ದೊಡ್ಡಪ್ಪ ಅಳು ನಿಲ್ಲಿಸಿದರು. "ಯಾವಾಗ?"

"ಹೋದ ವಾರ. ಬುಧವಾರ."

"ಮಳ್ಳು ಹಿಡದದಾ ನಿಂಗೆ? ಬುಧವಾರ ನಾನು ತಾರ್ಲೆ ಮೀನು ಹುರಿಸಿಕೊಂಡು ತಿಂದೇನೆ!" ಎಂದು ಗುಡುಗಿ, ಮಂಗೇಶನ ಗಡ್ಡ ನೋಡಿದರು, ಕಾಲು ನೋಡಿದರು, ಹಿತ್ತಲ ಬಾಳೆಲೆಯ ಸುತ್ತ ಕೂತಿದ್ದ ಕಾಗೆಗಳನ್ನು ನೋಡಿದರು. "ನಾನು ಇರೂವಾಗಲೇ ಕಾಗೆಗೆ ಇಟ್ಟೆಯಾ? ಇದೆಲ್ಲ ಎಂತದು, ನಿನ್ನ ಬಾಯಿಂದ ಹೇಳು."

ಮಂಗೇಶ ಬಾಗಿಲ ಕಡೆ ನೋಡಿದ. ನಿಶಾ ಹೊಸ್ತಿಲಲ್ಲಿ ನಿಂತಿದ್ದಳು. ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಪವನ್ ನೆಲ ನೋಡುತ್ತಿದ್ದ. ನನಗೆ ಆ ಹೊತ್ತಿನಲ್ಲಿ ಮಂಗೇಶನ ಮೇಲೆ ಇದ್ದ ನಗುವೆಲ್ಲ ಹೋಗಿ ಸಂಕಟವಾಯಿತು, ಸುಳ್ಳೇಕೆ.

"ಬೀರಿ" ಎಂದ ಮಂಗೇಶ. "ಬುಟ್ಟಿ ಇಳ್ಸು."

ಬೀರಿ ಭಟ್ಟರ ಮುಖ ನೋಡಿದಳು. "ಎಷ್ಟು ಬೇಕು?"

"ಯಾರೂ ಸತ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಗೂವಷ್ಟು."

ಆಮೇಲೆ ಭಟ್ಟರ ಕಡೆ ತಿರುಗಿ ಕೈಮುಗಿದ. "ಭಟ್ರೇ, ನಾವು ಮೀನು ತಿನ್ನೂವವರು. ನನ್ನ ಅಪ್ಪ ತಿಂದ, ಅಜ್ಜ ತಿಂದ. ವೀಗನ್ ಅಂದದ್ದು ನಿಮ್ಮ ಮುಂದೆ ದೊಡ್ಡವ ಆಗೂಕೆ. ಮಗಳಿಗೆ ಸುಳ್ಳು ಆಗೂದಿಲ್ಲ ಅಂತ ಆಮೇಲೆ ಖರೇನೇ ಮಾಡಿದೆ, ಅದಕ್ಕೇ ಇಷ್ಟೆಲ್ಲ ಆಯ್ತು. ತಪ್ಪು ನನ್ನದು, ಅವಳದ್ದು ಎಂತದೂ ಇಲ್ಲ."

ಬೀರಿಯ ಬುಟ್ಟಿಯಲ್ಲಿ ಬಂಗಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಮ್ಮ ಮನೆಯಿಂದ ಪುಟ್ಟು ಓಡಿಬಂದು ಬುಟ್ಟಿಯ ಪಕ್ಕದಲ್ಲಿ ಕೂತಿತು.

"ಅಂದ್ರೆ ಹಾಲು?" ಎಂದು ಕೇಳಿದರು ಭಟ್ಟರು.

"ಕುಡೀತೇನೆ."

"ಮಜ್ಜಿಗೆ?"

"ಕುಡೀತೇನೆ."

"ತುಪ್ಪ?"

"ನೀವು ಮತ್ತೆ ಕೊಟ್ರೆ."

ವನಮಾಲಾ ಗಂಡನ ಮಾತಿಗೂ ಕಾಯದೆ ಕಾರಿನ ಹಿಂದಿನ ಬಾಗಿಲು ತೆಗೆದರು. ಅದೇ ಭರಣಿ ಹೊರಗೆ ಬಂತು. ಅವತ್ತು ವಾಪಸ್ಸು ಒಯ್ದದ್ದನ್ನು ಮನೆಯೊಳಗೆ ಇಡಲು ಅವರಿಗೆ ಮನಸ್ಸಾಗದೆ ಅದು ಕಾರಿನಲ್ಲೇ ಹಿಲ್ಲೂರಿನಿಂದ ಅಂಕೋಲೆಗೆ, ಅಂಕೋಲೆಯಿಂದ ಹಿಲ್ಲೂರಿಗೆ ಓಡಾಡಿಕೊಂಡಿತ್ತಂತೆ.

"ಮೀನು ತಿಂತ್ರಿ ಅಂತ ಪವನ್ ಮೊದಲೇ ಹೇಳಿದ್ದ. ಅದನ್ನ ನಾವು ಯಾವಾಗಲೋ ಒಪ್ಪಿ ಆಗಿತ್ತು" ಎಂದರು ಭಟ್ಟರು. "ಹಾಲು ಬೇಡ ಅಂದ್ರಲ್ಲ, ಅವತ್ತಿಂದ ನಮ್ಮನೇಲಿ ಸಮಾಧಾನ ಇಲ್ಲ. ಬೀಗರು ಮನೆಗೆ ಬಂದ್ರೆ ಆಸರಿಗೆ, ಕುಡಿಯೂಕೆ ಎಂತ ಕೊಡೂದು ಅಂತ ಇವಳು ಸರಿ ಊಟ ಮಾಡಲಿಲ್ಲ. ನಮ್ಮನೇಲಿ ಇರೂದೇ ಅದು ಮಾರಾಯ್ರೇ."

ಹೀಗೆ ಭಾನುವಾರ ನಿಶ್ಚಿತಾರ್ಥ ಆಯಿತು. ದೇವಿದಾಸ ದೊಡ್ಡಪ್ಪ ಎಲ್ಲರಿಗೂ ಕಾಣುವಂತೆ ಮೊದಲ ಸಾಲಿನಲ್ಲಿ ಕೂತು, ಹೋದವರು ಬಂದವರಿಗೆಲ್ಲ ಕೈ ಮುಟ್ಟಿಸಿ ಕಳಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗೇಶ ಸುಖವಾಗಿರುತ್ತಿದ್ದ. ಮುಂದಿನ ವಾರ ಡಾಕ್ಟರರು ಅವನ ಬಿ.ಪಿ. ನೋಡಿದರು, ಸಕ್ಕರೆ ನೋಡಿದರು, ಇನ್ನೊಮ್ಮೆ ನೋಡಿದರು. "ಎಂತ ಮಾಡಿದ್ರಿ? ಎರಡೂ ಚೆಂದ ಇಳಿದಿದೆ. ಅದನ್ನೇ ಮುಂದುವರಿಸಿ, ಬಿ-ಟ್ವೆಲ್ವ್ ಮಾತ್ರೆ ಮಾತ್ರ ಮರೀಬೇಡಿ" ಎಂದರು. ಮಂಗೇಶ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನನ್ನೊಬ್ಬನಿಗೇ ಹೇಳಿದ. "ಬಾಬು, ಸುಳ್ಳು ಅಂತ ಶುರು ಮಾಡಿದ್ದು. ಈಗ ನಿಜವಾಗಿ ಬೇಕು ಅನ್ನಿಸ್ತದೆ. ಆ ವಿಡಿಯೊದಾಗೆ ಒಂದು ಕರುವನ್ನ ತಾಯಿಯಿಂದ ದೂರ ಕಟ್ಟಿದ್ರು. ಅದರ ಮುಖ ಮರೀಲಿಕ್ಕೇ ಆಗೂದಿಲ್ಲ ಮಾರಾಯಾ."

ಆದರೆ ಅವನ ಮಾತು ಯಾರು ಕೇಳುತ್ತಾರೆ? ಕಾರವಾರದಲ್ಲಿ ಒಂದು ದಿನ ಮೀನು ಬೇಡ ಎಂದರೆ ದೊಡ್ಡಪ್ಪನಿಗೆ ಅಪಾಯ. "ನಾನಿರೂವವರೆಗೆ ನೀನು ಮೀನು ಬಿಡೂಹಂಗಿಲ್ಲ" ಎಂದು ಅವರು ಆಣೆ ಹಾಕಿಸಿದ್ದಾರೆ. ಬೀರಿ ಗೇಟಿನಲ್ಲಿ ನಿಂತು, "ಅಜ್ಜ ಹೆಂಗಿದಾರೆ?" ಎಂದು ಕೇಳಿಯೇ ಬುಟ್ಟಿ ಇಳಿಸುತ್ತಾಳೆ. ಹಿಲ್ಲೂರಿಗೆ ಹೋದರೆ ಕಾಲು ತೊಳೆಯುವ ಮೊದಲೇ ಮಜ್ಜಿಗೆಯ ತಂಬಿಗೆ ಬರುತ್ತದೆ. ಬೇಡ ಎಂದರೆ ಬೀಗಿತಿಯ ಕಣ್ಣಲ್ಲಿ ನೀರು. ಹೀಗಾಗಿ ಪಾಪದ ಮಂಗೇಶ ಮನಸ್ಸಿಗೆ ಬಂದಂತೆ ವೀಗನ್ ಆಗಿರುವುದು ಈ ಎರಡು ಮನೆಗಳ ನಡುವಿನ ಬಸ್ಸಿನಲ್ಲಿ ಮಾತ್ರ. ಕೊನೆಗೂ ಹುಬ್ಬಳ್ಳಿಯಿಂದ ಬಂದ ಬಟ್ಟೆಯ ಚಪ್ಪಲಿ ಮೆಟ್ಟಿಕೊಂಡು, ಹುರಿದ ಶೇಂಗಾ ಪೊಟ್ಟಣ ಹಿಡಿದು, ಕಿಟಕಿಯ ಪಕ್ಕ ಕೂತು ಆ ಒಂದು ತಾಸನ್ನು ಅವನು ಬಹಳ ಶ್ರದ್ಧೆಯಿಂದ ಆಚರಿಸುತ್ತಾನೆ.

ಮೊನ್ನೆ ನಾನೂ ಜೊತೆಗಿದ್ದೆ. ಪಕ್ಕದ ಸೀಟಿನ ಹಿರಿಯರೊಬ್ಬರು ಮೊಮ್ಮಗ ಹುಟ್ಟಿದ ಖುಷಿಗೆ ಎಲ್ಲರಿಗೂ ಪೇಡಾ ಹಂಚುತ್ತಿದ್ದರು.

"ನನಗೆ ಬೇಡ" ಎಂದ ಮಂಗೇಶ, ಮೆತ್ತಗೆ ನಕ್ಕು. "ನಾನು ಇದೆಲ್ಲ ಬಿಟ್ಟೇನೆ."

ಹಿರಿಯರು ಅವನ ನಾಲ್ಕು ದಿನದ ಗಡ್ಡ ನೋಡಿದರು, ಇಳಿದ ಕೆನ್ನೆ ನೋಡಿದರು, ಬಗ್ಗಿ ಚಪ್ಪಲಿಯನ್ನೂ ನೋಡಿದರು. ಪೇಡಾದ ಡಬ್ಬಿ ಮುಚ್ಚಿ, ಅವನ ಹೆಗಲ ಮೇಲೆ ಕೈಯಿಟ್ಟರು.

"ಯಾವಾಗ ಆಯ್ತು ತಮಾ?"

ಬಸ್ಸಿನಲ್ಲಿ ನಾಲ್ಕಾರು ತಲೆಗಳು ಹಿಂದಕ್ಕೆ ತಿರುಗಿದವು. ಕಂಡಕ್ಟರ್ ಕೂಡ ಟಿಕೆಟ್ ಕೊಡುವುದನ್ನು ನಿಲ್ಲಿಸಿದ. ಮಂಗೇಶ ಅವನನ್ನು ನೋಡಿದ, ನನ್ನನ್ನು ನೋಡಿದ, ಕಿಟಕಿಯ ಹೊರಗೆ ಸಮುದ್ರವನ್ನು ಒಂದು ಸಲ ನೋಡಿದ. ಆಮೇಲೆ ಡಬ್ಬಿಗೆ ಕೈ ಹಾಕಿ, ಎಲ್ಲರಿಗೂ ಕಾಣುವಂತೆ ಎರಡು ಪೇಡಾ ತೆಗೆದು ಬಾಯಿಗೆ ಹಾಕಿಕೊಂಡ.

ದೊಡ್ಡಪ್ಪ ಹಣಕೋಣದಲ್ಲಿ ಈಗಲೂ ಗಟ್ಟಿಯಾಗಿಯೇ ಇದ್ದಾರೆ.